ಕೈಗೆ ಕಟ್ಟುವ ವಾಚಾ, ಲಾಕರಿಗೆ ಇಡುವ ವಾಚಾ? ಕರಾವಳಿಯವರಿಗೊಂದು ಹೋಲಿಕೆ

"ರೋಲೆಕ್ಸ್ ತಗೊಂಡ್ರೆ ದುಡ್ಡು ಎಲ್ಲಿಗೂ ಹೋಗಲ್ಲ, ಅಲ್ವಾ? ಹೇಗೂ ರೇಟ್ ಏರ್ತಾ ಉಂಟಲ್ಲ?"

ಮಂಗಳೂರು, ಉಡುಪಿ ಕಡೆ ದುಬಾರಿ ವಾಚಿಗೆ ಮನಸ್ಸು ಮಾಡಿದವರು ಕೇಳುವ ಮೊದಲ ಪ್ರಶ್ನೆ ಹೆಚ್ಚಾಗಿ ಇದೇ. ಕೇಳುವವರು ಕತಾರಿನಿಂದ ರಜೆಗೆ ಬಂದವರಿರಬಹುದು, ಹಡಗಿನ ಕೆಲಸದವರಿರಬಹುದು, ಮಣಿಪಾಲದ ಡಾಕ್ಟರ್ ಇರಬಹುದು. ಆಸೆ ವಾಚಿನ ಮೇಲೆ. ಮನೆಯವರಿಗೆ ಹೇಳುವ ಕಾರಣ ಮಾತ್ರ ಹೂಡಿಕೆ. ಇವೆರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿದರೆ ಎರಡೂ ಕೆಡುತ್ತವೆ. ಕಟ್ಟಿಕೊಳ್ಳಲು ಹೆದರಿಕೆ, ಮಾರಲು ಮನಸ್ಸಿಲ್ಲ, ಲೆಕ್ಕ ನೋಡಿದರೆ ಲಾಭವೂ ಇಲ್ಲ. ಹಾಗಾಗಿ ದುಡ್ಡು ಕೊಡುವ ಮೊದಲೇ ತೀರ್ಮಾನ ಆಗಬೇಕು: ಇದು ಖುಷಿಗಾ, ಬೆಲೆಗಾ?

ವಾಚ್ ಒಂದೇ ಇದ್ದರೂ ಈ ಎರಡು ದಾರಿ ಬೇರೆ ಬೇರೆ. ಕೊಳ್ಳುವಾಗ ನೋಡುವ ವಿಷಯ ಬೇರೆ, ಇಟ್ಟುಕೊಳ್ಳುವ ರೀತಿ ಬೇರೆ, ಮಾರುವ ಹೊತ್ತಿನ ತಲೆಬಿಸಿಯೂ ಬೇರೆ.

ಒಳ್ಳೆಯ ವಾಚಿನ ಆಸೆ ನಮ್ಮ ಊರಿಗೆ ಹೊಸತೇನಲ್ಲ. ಗಲ್ಫಿಗೆ ಹೋದವರು ಊರಿಗೆ ಬರುವಾಗ ಕೈಯಲ್ಲಿ ಚಿನ್ನದ ಬಣ್ಣದ ರಾಡೋ ಇರುತ್ತಿತ್ತು, ಪೆಟ್ಟಿಗೆಯಲ್ಲಿ ತಮ್ಮನಿಗೋ ಭಾವನಿಗೋ ಒಂದು ಸೈಕೋ 5 ಅಥವಾ ಸಿಟಿಜನ್ ಇರುತ್ತಿತ್ತು. ರಾಡೋ ಡಯಾಸ್ಟಾರ್ ಶುರುವಾದದ್ದು 1962ರಲ್ಲಿ. ಟಂಗ್‌ಸ್ಟನ್ ಕಾರ್ಬೈಡಿನ ಗಟ್ಟಿ ಮೈ, ಗೀರು ಬೀಳುವುದಿಲ್ಲ ಅನ್ನುವುದೇ ಅದರ ಹೆಗ್ಗಳಿಕೆ. ಈಗಲೂ ಎಷ್ಟೋ ಮನೆಗಳ ಕಪಾಟಿನಲ್ಲಿ ಆ ವಾಚ್ ಹೊಸದರ ಹಾಗೇ ಹೊಳೆಯುತ್ತಿದೆ. ಮಾರಲು ಹೋದರೆ ದೊಡ್ಡ ಮೊತ್ತ ಹುಟ್ಟುವುದಿಲ್ಲ. ಆದರೆ ಮದುವೆ, ಗೃಹಪ್ರವೇಶ, ಮಗಳ ನಾಮಕರಣ, ಎಲ್ಲ ಫೋಟೋದಲ್ಲೂ ಅದೇ ಕೈ, ಅದೇ ವಾಚ್. ಕೊಂಡವರಿಗೆ ಅದರ ದುಡ್ಡು ಪೂರ್ತಿ ವಸೂಲಾಗಿದೆ ಅಂತಲೇ ನಾನು ಹೇಳುತ್ತೇನೆ. ಖುಷಿಗೆ ಕೊಳ್ಳುವುದು ಅಂದರೆ ಇದು.

ಯಾವ ವಾಚಿನ ಬೆಲೆ ನಿಲ್ಲುತ್ತದೆ

ಹೆಚ್ಚಿನ ವಾಚ್‌ಗಳ ಬೆಲೆ ಅಂಗಡಿಯ ಮೆಟ್ಟಿಲು ಇಳಿಯುವಾಗಲೇ ಇಳಿದಿರುತ್ತದೆ. ಸ್ವಿಸ್ ಆದರೂ ಅಷ್ಟೇ, ಜಪಾನಿನದ್ದಾದರೂ ಅಷ್ಟೇ. ಬೆಲೆ ನಿಲ್ಲುವುದು, ಕೆಲವೊಮ್ಮೆ ಏರುವುದು, ಬೆರಳೆಣಿಕೆಯ ಮಾಡೆಲ್‌ಗಳಿಗೆ ಮಾತ್ರ. ರೋಲೆಕ್ಸಿನ ಸ್ಟೀಲ್ ಸ್ಪೋರ್ಟ್ಸ್ ವಾಚ್‌ಗಳು, ಅಂದರೆ ಸಬ್‌ಮರೀನರ್, ಜಿಎಂಟಿ ಮಾಸ್ಟರ್, ಡೇಟೋನಾ. ಪಾಟೆಕ್ ಫಿಲಿಪ್‌ನ ನಾಟಿಲಸ್. ಆಡೆಮಾರ್ ಪಿಗೆಯ ರಾಯಲ್ ಓಕ್. ಇವಕ್ಕೆ ಬೇಡಿಕೆ ಎಷ್ಟುಂಟೋ ಅಷ್ಟು ವಾಚ್ ಅಂಗಡಿಗೆ ಬರುವುದಿಲ್ಲ. ಹೆಸರು ಬರೆಸಿ ಕಾಯಬೇಕು. ಕಾಯಲು ಆಗದವರು ಹೊರಗೆ ಜಾಸ್ತಿ ಕೊಟ್ಟು ತೆಗೆದುಕೊಳ್ಳುತ್ತಾರೆ. ಬೆಲೆ ಏರುವುದರ ಹಿಂದೆ ಇರುವುದು ಇಷ್ಟೇ.

ಇಲ್ಲಿ ಹಲವರಿಗೆ ಆಶ್ಚರ್ಯ ಆಗುವ ಒಂದು ವಿಷಯ ಉಂಟು. ಚಿನ್ನದ ವಾಚಿಗಿಂತ ಸ್ಟೀಲ್ ವಾಚೇ ಕೊಟ್ಟ ಬೆಲೆಯನ್ನು ಚೆನ್ನಾಗಿ ಉಳಿಸಿಕೊಳ್ಳುತ್ತದೆ. ಸಮಾರಂಭಕ್ಕೆ ಕಟ್ಟುವ ಚಿನ್ನದ ಡ್ರೆಸ್ ವಾಚಿಗೆ ಕೊಡುವ ಹಣದಲ್ಲಿ ಚಿನ್ನದ ತೂಕದ ಪಾಲು ಸಣ್ಣದು, ಉಳಿದದ್ದು ಕೆಲಸಕ್ಕೂ ಹೆಸರಿಗೂ ಹೋಗುತ್ತದೆ. ನಮ್ಮ ಕಡೆ "ಚಿನ್ನ ಅಲ್ವಾ, ನಷ್ಟ ಇಲ್ಲ" ಅಂತ ಮದುಮಗನಿಗೆ ಚಿನ್ನದ ವಾಚ್ ಕೊಡುವವರಿದ್ದಾರೆ. ಪ್ರೀತಿಗೆ ಕೊಡಿ, ಖಂಡಿತ ಕೊಡಿ. ಚಿನ್ನದ ಲೆಕ್ಕಕ್ಕೆ ಕೊಡುವುದಾದರೆ ಬಳೆಯೋ ಸರವೋ ಎಷ್ಟೋ ಮೇಲು.

ಮುಂದೆ ಯಾವುದು ಏರುತ್ತದೆ ಅಂತ ಈಗಲೇ ಹೇಳಲು ಆಗುತ್ತದಾ? ಡೇಟೋನಾದ ಕತೆ ನೋಡಿ. 1963ರಲ್ಲಿ ಬಂದ ಆ ವಾಚ್ ಶುರುವಿನ ವರ್ಷಗಳಲ್ಲಿ ಅಂಗಡಿಗಳಲ್ಲಿ ನಿಧಾನವಾಗಿ ಮಾರಾಟವಾಗುತ್ತಿತ್ತು. ಅದರಲ್ಲೂ ಈಗ ಸಂಗ್ರಹಕಾರರು ಹುಡುಕಿಕೊಂಡು ಹೋಗುವ ವಿಚಿತ್ರ ಡಯಲಿನವು ಯಾರಿಗೂ ಅಷ್ಟು ಬೇಡವಾಗಿದ್ದವು. ಹಾಲಿವುಡ್ ನಟ ಪಾಲ್ ನ್ಯೂಮನ್‌ಗೆ ಅಂಥದ್ದೊಂದನ್ನು ಹೆಂಡತಿ ಜೋನ್ ವುಡ್‌ವರ್ಡ್ ಕೊಟ್ಟರು. ನ್ಯೂಮನ್ ರೇಸ್ ಕಾರು ಓಡಿಸುವವರು, ಹಾಗಾಗಿ ಜಾಗ್ರತೆಯಿಂದ ಓಡಿಸಿ ಅಂತ ಹೆಂಡತಿ ವಾಚಿನ ಹಿಂದೆ ಕೆತ್ತಿಸಿದ್ದರು. ನ್ಯೂಮನ್ ಅದನ್ನು ದಿನವೂ ಕಟ್ಟಿದರು, ಆಮೇಲೆ ಮಗಳ ಗೆಳೆಯನಿಗೆ ಕೊಟ್ಟುಬಿಟ್ಟರು. 2017ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಅದೇ ವಾಚ್ 1.77 ಕೋಟಿ ಡಾಲರಿಗೆ ಹೋಯಿತು. ಆ ಬೆಲೆಯ ಹಿಂದೆ ಒಂದು ಪ್ರೀತಿಯ ಉಡುಗೊರೆ ಉಂಟು, ಅದನ್ನು ವರ್ಷಗಟ್ಟಲೆ ಕಟ್ಟಿದ ಒಂದು ಕೈ ಉಂಟು. ಲಾಭಕ್ಕೆಂದು ಕೊಂಡವರು ಯಾರೂ ಅಲ್ಲಿ ಇರಲಿಲ್ಲ.

ಇಳಿಯುವ ಕತೆಯನ್ನೂ ಕೇಳಬೇಕು. ಕೊರೊನಾ ಕಾಲದಲ್ಲಿ ಜಗತ್ತಿನ ಎಲ್ಲ ಕಡೆ ಈ ವಾಚ್‌ಗಳ ಬೆಲೆ ಹುಚ್ಚೆದ್ದು ಏರಿತು. ನಾಟಿಲಸ್‌ನ 5711 ಸ್ಟೀಲ್ ಮಾಡೆಲನ್ನು ಕಂಪನಿ ನಿಲ್ಲಿಸುತ್ತದೆ ಅಂತ 2021ರಲ್ಲಿ ಗೊತ್ತಾದ ಮೇಲೆ ಅದು ಅಂಗಡಿ ಬೆಲೆಯ ಹಲವು ಪಟ್ಟಿಗೆ ಕೈ ಬದಲಾಯಿಸಿತು. ಆ ವರ್ಷ ಡಿಸೆಂಬರಿನಲ್ಲಿ ಟಿಫಾನಿ ಹೆಸರಿನ ನೀಲಿ ಡಯಲಿನ ಒಂದು 5711 ಹರಾಜಿನಲ್ಲಿ 65 ಲಕ್ಷ ಡಾಲರ್ ಕಂಡಿತು. 2022ರ ಮೊದಲ ತಿಂಗಳುಗಳಲ್ಲಿ ಬೆಲೆ ತುದಿ ಮುಟ್ಟಿತು. ಆಮೇಲೆ ಇಳಿಯತೊಡಗಿತು, ಇಳಿಯುತ್ತಲೇ ಹೋಯಿತು. "ಏರ್ತಾ ಉಂಟು" ಅಂತ ಪತ್ರಿಕೆಯಲ್ಲಿ ಓದಿ ಆ ತುದಿಯಲ್ಲೇ ಕೊಂಡವರ ಕೈಯಲ್ಲಿ ಒಳ್ಳೆಯ ವಾಚ್ ಉಳಿಯಿತು, ಕೊಟ್ಟ ಬೆಲೆ ಉಳಿಯಲಿಲ್ಲ.

ಬ್ಯಾಂಕಿನ ಬಡ್ಡಿಯ ಪಕ್ಕ ಇಟ್ಟು ನೋಡಿ

ಕೆನರಾ ಬ್ಯಾಂಕ್, ಕಾರ್ಪೊರೇಷನ್ ಬ್ಯಾಂಕ್, ಸಿಂಡಿಕೇಟ್ ಬ್ಯಾಂಕ್, ಕರ್ಣಾಟಕ ಬ್ಯಾಂಕ್, ವಿಜಯಾ ಬ್ಯಾಂಕ್ ಎಲ್ಲ ಹುಟ್ಟಿದ ನೆಲ ಇದು. ಪಿಗ್ಮಿ ಕಟ್ಟಿ ಬೆಳೆದ ಊರಿನವರಿಗೆ ಬಡ್ಡಿ ಲೆಕ್ಕ ಕಲಿಸಬೇಕಾಗಿಲ್ಲ. ಆದರೆ ವಾಚಿನ ವಿಷಯ ಬಂದಾಗ ಆ ಲೆಕ್ಕವನ್ನು ಯಾರೂ ಮಾಡುವುದೇ ಇಲ್ಲ.

10 ಲಕ್ಷ ರೂಪಾಯಿಯ ವಾಚ್ ಅಂತ ಇಟ್ಟುಕೊಳ್ಳಿ. ಅದರೊಳಗೆ ಶೇ 18 ಜಿಎಸ್‌ಟಿ ಸೇರಿದ್ದರೆ, ತೆರಿಗೆಯ ಪಾಲೇ ಒಂದೂವರೆ ಲಕ್ಷ ದಾಟುತ್ತದೆ. ಅದು ನಿಮಗೆ ವಾಪಸ್ ಬರುವ ದುಡ್ಡಲ್ಲ. ಈಗ ಅದೇ 10 ಲಕ್ಷವನ್ನು ಶೇ 7ರ ಬಡ್ಡಿಗೆ ಏಳು ವರ್ಷ ಇಟ್ಟರೆ, ಚಕ್ರಬಡ್ಡಿ ಸೇರಿ 16 ಲಕ್ಷ ದಾಟುತ್ತದೆ. ಬಡ್ಡಿಗೆ ಆದಾಯ ತೆರಿಗೆ ಉಂಟು, ನಿಜ, ಅದನ್ನು ಸದ್ಯ ಬದಿಗಿಡಿ. ವಾಚ್ ಇದಕ್ಕೆ ಸರಿಗಟ್ಟಬೇಕಾದರೆ ಏಳು ವರ್ಷದ ಮೇಲೆ ಎಷ್ಟಕ್ಕೆ ಹೋಗಬೇಕು? ನಡುವೆ ಒಂದು ಸರ್ವಿಸ್ ಆಗಬೇಕು. ರೋಲೆಕ್ಸ್ ಮಟ್ಟದ ವಾಚಿಗೆ ಅದು ಹತ್ತಾರು ಸಾವಿರದ ಖರ್ಚು, 80 ಸಾವಿರ ಅಂತ ಹಿಡಿಯಿರಿ. ಮಾರುವಾಗ ಡೀಲರ್ ತನ್ನ ಪಾಲು ಇಟ್ಟುಕೊಳ್ಳುತ್ತಾನೆ, ಅದನ್ನು ಶೇ 15 ಅಂತ ಹಿಡಿಯಿರಿ. ಆಗ ಆ ವಾಚ್ ಮಾರುಕಟ್ಟೆಯಲ್ಲಿ ಸುಮಾರು 20 ಲಕ್ಷಕ್ಕೆ ಮಾರಾಟವಾದರೆ ಮಾತ್ರ ನೀವು ಬ್ಯಾಂಕಿನ ಬಡ್ಡಿಗೆ ಸಮ. ಅಂದರೆ ಏಳು ವರ್ಷದಲ್ಲಿ ಬೆಲೆ ದುಪ್ಪಟ್ಟಾಗಬೇಕು. ಲಾಭದ ಮಾತು ಆಮೇಲಿನದು.

ಬೆಲೆ ನಿಲ್ಲುವ ವಾಚ್ ಅಂದರೆ ಲಾಭ ತರುವ ವಾಚ್ ಅಲ್ಲ. ಕಟ್ಟಿ ಖುಷಿಪಟ್ಟ ಮೇಲೂ ಹಾಕಿದ್ದರಲ್ಲಿ ಬಹುಪಾಲು ವಾಪಸ್ ಕೊಡುವ ವಾಚ್ ಅಂತ ಅದರ ಅರ್ಥ. ಅದೇ ದೊಡ್ಡ ಗುಣ. ಕಾರಿಗೆ ಆ ಗುಣ ಇಲ್ಲ, ಫೋನಿಗೂ ಇಲ್ಲ.

ಇನ್ನು ಚಿನ್ನದ ಜೊತೆ ಹೋಲಿಸುವವರಿಗೆ ಒಂದು ಮಾತು. ಚಿನ್ನದ ದರ ಬೆಳಿಗ್ಗೆ ಪೇಪರಿನಲ್ಲಿ ಬರುತ್ತದೆ. ಆಸ್ಪತ್ರೆಯ ತುರ್ತು ಬಂದರೆ ಊರಿನ ಸೊಸೈಟಿಯಲ್ಲಿ ಅಡವಿಟ್ಟು ಸಂಜೆಯೊಳಗೆ ಹಣ ತರಬಹುದು. ವಾಚಿಗೆ ದಿನದ ದರ ಅಂತ ಒಂದಿಲ್ಲ, ಸೊಸೈಟಿಯವರು ಅದನ್ನು ಅಡವಿಗೆ ಹಿಡಿಯುವುದಿಲ್ಲ. ಫೋಟೋ ಕಳಿಸಿ, ಬೆಂಗಳೂರಿಗೋ ಮುಂಬೈಗೋ ತೆಗೆದುಕೊಂಡು ಹೋಗಿ, ಅವರು ಪರೀಕ್ಷೆ ಮಾಡಿ, ಚೌಕಾಸಿ ಮಾಡಿ, ಆಮೇಲೆ ಹಣ. ಅವಸರದಲ್ಲಿ ಮಾರುವವರಿಗೆ ಒಳ್ಳೆಯ ಬೆಲೆ ಸಿಗುವುದು ಕಷ್ಟ. ಮಕ್ಕಳ ಫೀಸಿಗೆ, ಮನೆಯ ಸಾಲಕ್ಕೆ ಬೇಕಾದೀತು ಅನ್ನುವ ದುಡ್ಡನ್ನು ವಾಚಿನಲ್ಲಿ ಹಾಕಲೇಬೇಡಿ.

ನಮ್ಮ ಹವೆ, ನಮ್ಮ ಉಪ್ಪು, ನಮ್ಮ ಮಳೆ

ವಾಚಿನ ಬಗ್ಗೆ ಬರೆಯುವವರು ಹೆಚ್ಚಾಗಿ ಒಣ ಹವೆಯ ಊರಿನವರು. "ಡಬ್ಬದಲ್ಲಿ ಇಟ್ಟುಬಿಡಿ, ಹಾಗೇ ಇರುತ್ತದೆ" ಅನ್ನುತ್ತಾರೆ. ಇಲ್ಲಿ ಯಾವುದೂ ಹಾಗೇ ಇರುವುದಿಲ್ಲ. ಜೂನಿನಿಂದ ಸೆಪ್ಟೆಂಬರ್ ತನಕ ಕಪಾಟಿನ ಚರ್ಮದ ಚಪ್ಪಲಿಗೆ ಬೂಷ್ಟು ಬರುವ ಊರಿನಲ್ಲಿ ಚರ್ಮದ ವಾಚ್ ಬೆಲ್ಟಿಗೆ ಬರದೇ ಇರುತ್ತದಾ?

ಉಡುಪಿಯಲ್ಲಿ ಒಬ್ಬ ಹಿರಿಯ ವಾಚ್ ರಿಪೇರಿಯವರ ಮೇಜಿನ ಪಕ್ಕ ಕೂತು ನೋಡಿದ್ದು ನನಗೆ ಚೆನ್ನಾಗಿ ನೆನಪಿದೆ. ಕಣ್ಣಿಗೆ ಲೆನ್ಸ್ ಸಿಕ್ಕಿಸಿಕೊಂಡು ಒಂದು ಹಳೆ ಸ್ವಿಸ್ ವಾಚಿನ ಹಿಂಬದಿ ಮುಚ್ಚಳ ತಿರುಗಿಸಿ ತೆಗೆದರು. ಒಳಗಿನ ರಬ್ಬರ್ ರಿಂಗ್ ಚಪ್ಪಟೆಯಾಗಿ, ಅಂಟಂಟಾಗಿ ಮುಚ್ಚಳಕ್ಕೇ ಹಿಡಿದುಕೊಂಡಿತ್ತು. ಚಿಮ್ಮಟದಲ್ಲಿ ಎಳೆದರೆ ತುಂಡು ತುಂಡಾಗಿ ಬಂತು. ಬದಿಯಲ್ಲಿ ತಿರುಗಿಸುವ ಕೀಯನ್ನು ಹೊರಗೆ ಎಳೆದಾಗ ಅದರ ಸಪೂರ ಕಡ್ಡಿಯ ಮೇಲೆ ಕೆಂಪು ಹುಡಿ. ಬಿಳಿ ಕಾಗದದ ಮೇಲೆ ತಟ್ಟಿದರೆ ಆ ಹುಡಿ ಉದುರಿತು. ಡಯಲಿನ ಅಂಚಿನಲ್ಲಿ, 4 ಮತ್ತು 5ರ ನಡುವೆ, ಸಾಸಿವೆಯಷ್ಟು ದೊಡ್ಡ ಕಲೆ. ಆ ವಾಚಿನ ಯಜಮಾನರು ಅದನ್ನು ನೀರಿಗೆ ಇಳಿಸಿದವರೇ ಅಲ್ಲ. ಒಳ್ಳೆಯ ವಾಚ್ ಅಂತ ವರ್ಷಗಟ್ಟಲೆ ಕಪಾಟಿನಲ್ಲಿ ಜೋಪಾನ ಮಾಡಿದ್ದರು. ರಬ್ಬರ್ ತಾನಾಗಿ ಹಾಳಾಯಿತು, ಹವೆಯ ತೇವ ಒಳಗೆ ಹೋಯಿತು, ಯಾರೂ ನೋಡಲಿಲ್ಲ.

ದಿನವೂ ಕಟ್ಟುವ ವಾಚಾದರೆ ಗಾಜಿನ ಒಳಗೆ ಮಂಜು ಕಂಡ ದಿನವೇ ಗೊತ್ತಾಗುತ್ತದೆ. ಎಸಿ ಕೋಣೆಯಿಂದ ಹೊರಗೆ ಬಂದಾಗ ಗಾಜಿನ ಹೊರಗೆ ಮಬ್ಬು ಕಟ್ಟಿದರೆ ಚಿಂತೆ ಬೇಡ, ಒರೆಸಿದರೆ ಹೋಗುತ್ತದೆ. ಒಳಗೆ ಕಟ್ಟಿದರೆ ಅದೇ ವಾರ ರಿಪೇರಿಗೆ ಕೊಡಿ. ಇಟ್ಟಲ್ಲೇ ಇರುವ ವಾಚಿನಲ್ಲಿ ಇದನ್ನು ಯಾರು ನೋಡುತ್ತಾರೆ? ಹೂಡಿಕೆ ಅಂತ ಮುಚ್ಚಿಡುವವರಿಗೆ ಕರಾವಳಿ ಅಷ್ಟೊಂದು ಒಳ್ಳೆಯ ಜಾಗ ಅಲ್ಲ. ಇಡಲೇಬೇಕಾದರೆ ಗಾಳಿಯಾಡದ ಡಬ್ಬ, ಅದರೊಳಗೆ ಸಿಲಿಕಾ ಜೆಲ್ ಪೊಟ್ಟಣ, ಮಳೆಗಾಲದಲ್ಲಿ ಅದನ್ನು ಆಗಾಗ ಬದಲಾಯಿಸುವುದು, ತಿಂಗಳಿಗೊಮ್ಮೆ ಕೀ ಕೊಟ್ಟು ಓಡಿಸಿ ನೋಡುವುದು. ಚರ್ಮದ ಬೆಲ್ಟನ್ನು ಬಿಚ್ಚಿ ಬೇರೆಯೇ ಇಡಿ.

ಕಟ್ಟುವವರಿಗೆ ಇನ್ನೊಂದೆರಡು ವಿಷಯ. ವಾಚಿನ ಮೇಲೆ ನೀರಿನ ತಡೆ 30 ಮೀಟರ್ ಅಂತ ಬರೆದಿದ್ದರೆ 30 ಮೀಟರ್ ಆಳಕ್ಕೆ ಇಳಿಯಬಹುದು ಅಂತ ಅಲ್ಲ. ಕೈ ತೊಳೆಯುವಾಗ ಹನಿ ಬಿದ್ದರೆ ತಡೆಯುತ್ತದೆ, ಅಷ್ಟೇ. ಸ್ಕೂಟರಿನಲ್ಲಿ ಪಂಪ್‌ವೆಲ್ ದಾಟುವಾಗ ಹೊಡೆಯುವ ಮಳೆಗೇ 50 ಮೀಟರಿನದ್ದು ಬೇಕು. ಮಲ್ಪೆಯಲ್ಲೋ ಪಣಂಬೂರಿನಲ್ಲೋ ನೀರಿಗೆ ಇಳಿಯುವವರು 100 ಮೀಟರಿನದ್ದು, ತಿರುಗಿಸಿ ಮುಚ್ಚುವ ಕೀ ಇರುವಂಥದ್ದು ನೋಡಿ. ಇಳಿಯುವ ಮೊದಲು ಆ ಕೀ ಸರಿಯಾಗಿ ಮುಚ್ಚಿದೆಯಾ ಅಂತ ಬೆರಳಿನಿಂದ ಮುಟ್ಟಿ ನೋಡಿ. ಬಂದ ಮೇಲೆ ಬಾವಿ ನೀರಿನಲ್ಲಿ ತೊಳೆಯಿರಿ. ಉಪ್ಪು ಚೈನಿನ ಕೊಂಡಿಗಳ ನಡುವೆ ಕೂತರೆ ಸ್ಟೀಲನ್ನೂ ನಿಧಾನವಾಗಿ ತಿನ್ನುತ್ತದೆ. ಬೆವರೂ ಅದನ್ನೇ ಮಾಡುತ್ತದೆ. ಬಿಸಿ ನೀರಿನ ಸ್ನಾನಕ್ಕೆ ವಾಚ್ ಬೇಡ, ರಬ್ಬರಿಗೆ ಒಳ್ಳೆಯದಲ್ಲ. ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಹಗುರ ಟೈಟಾನಿಯಂ ವಾಚ್ ಅಥವಾ ರಬ್ಬರ್ ಬೆಲ್ಟ್ ಇದ್ದರೆ ಕೈಗೆ ಸುಖ. ಚರ್ಮದ್ದು ದೀಪಾವಳಿ ಕಳೆದ ಮೇಲೆ ಚಂದ.

ಹೂಡಿಕೆಗೇ ಅಂತಾದರೆ

ಇಷ್ಟೆಲ್ಲ ಕೇಳಿಯೂ ಬೆಲೆಗಾಗಿಯೇ ಕೊಳ್ಳುತ್ತೇನೆ ಅನ್ನುವವರಿದ್ದಾರೆ. ಅದು ತಪ್ಪಲ್ಲ. ಆದರೆ ಅದು ಒಂದು ಕಸುಬು, ಕಲಿತು ಮಾಡಬೇಕು.

ಮೊದಲನೆಯದು ಡಬ್ಬ ಮತ್ತು ಪೇಪರ್. ವಾರಂಟಿ ಕಾರ್ಡ್, ಬಿಲ್, ಸರ್ವಿಸ್ ರಸೀದಿ, ಚೈನಿನಿಂದ ತೆಗೆದ ಹೆಚ್ಚುವರಿ ಕೊಂಡಿಗಳು, ಎಲ್ಲ ಒಟ್ಟಿಗೆ ಇರಬೇಕು. ಒಂದೇ ಮಾಡೆಲಿನ ಎರಡು ವಾಚ್ ಪಕ್ಕಪಕ್ಕ ಇದ್ದರೆ ಪೇಪರ್ ಇದ್ದದ್ದಕ್ಕೆ ಬೆಲೆ ಜಾಸ್ತಿ, ಮಾರಾಟವೂ ಬೇಗ.

ಎರಡನೆಯದು ಪಾಲಿಶ್. ಹಳೆ ವಾಚ್ ಫಳಫಳ ಹೊಳೆಯುತ್ತಿದ್ದರೆ ಹೊಸಬರಿಗೆ ಖುಷಿ, ತಿಳಿದವರಿಗೆ ಅನುಮಾನ. ಬೆಲ್ಟ್ ಸಿಕ್ಕಿಸುವ ನಾಲ್ಕು ಕೊಂಬುಗಳ ಅಂಚನ್ನು ನೋಡಿ. ಕಾರ್ಖಾನೆಯಿಂದ ಬಂದಾಗ ಆ ಅಂಚು ಚೂಪಾಗಿ ಗೆರೆ ಎಳೆದ ಹಾಗಿರುತ್ತದೆ. ಪಾಲಿಶ್ ಮಾಡಿ ಮಾಡಿ ಅದು ಸೋಪಿನ ತುಂಡಿನ ಹಾಗೆ ಉರುಟಾಗುತ್ತದೆ. ಹೋದ ಲೋಹ ಮತ್ತೆ ಬರುವುದಿಲ್ಲ. ಗೀರು ಇದ್ದರೂ ಅಂಚು ಉಳಿದ ವಾಚೇ ಮೇಲು. ಸರ್ವಿಸಿಗೆ ಕೊಡುವಾಗ "ಪಾಲಿಶ್ ಬೇಡ" ಅಂತ ರಸೀದಿಯಲ್ಲಿ ಬರೆಸಿಕೊಳ್ಳಿ.

ಮೂರನೆಯದು, ಅಸಲಿಯಾ ನಕಲಿಯಾ ಅನ್ನುವ ಪ್ರಶ್ನೆ. ಪೂರ್ತಿ ನಕಲಿ ವಾಚನ್ನು ತಿಳಿದವರು ಹೆಚ್ಚಾಗಿ ಹಿಡಿಯುತ್ತಾರೆ. ಅರ್ಧ ಅಸಲಿ, ಅರ್ಧ ಬೇರೆ ವಾಚಿನ ಭಾಗ ಸೇರಿಸಿದ್ದನ್ನು ಹಿಡಿಯುವುದು ಬಹಳ ಕಷ್ಟ. 2021ರಲ್ಲಿ ಜಿನೀವಾದಲ್ಲಿ 1957ರ ಒಮೆಗಾ ಸ್ಪೀಡ್‌ಮಾಸ್ಟರ್ ಅಂತ ಒಂದು ವಾಚ್ 31 ಲಕ್ಷ ಸ್ವಿಸ್ ಫ್ರಾಂಕಿಗೆ ಹರಾಜಾಯಿತು. ಕೊಂಡದ್ದು ಒಮೆಗಾ ಕಂಪನಿಯೇ, ತನ್ನ ಮ್ಯೂಸಿಯಮ್ಮಿಗೆ ಅಂತ. 2023ರಲ್ಲಿ ಕಂಪನಿಯೇ ಹೇಳಿತು: ಅದು ಬೇರೆ ಬೇರೆ ವಾಚ್‌ಗಳ ಭಾಗ ಜೋಡಿಸಿ ಮಾಡಿದ್ದು, ಅದರಲ್ಲಿ ತನ್ನ ಮಾಜಿ ನೌಕರರ ಕೈವಾಡವೂ ಇತ್ತು ಅಂತ. ಮಾಡಿದ ಕಂಪನಿಗೇ ಹೀಗಾಗುತ್ತದೆ ಅಂದರೆ, ವಾಟ್ಸಾಪಿನಲ್ಲಿ ಬಂದ ನಾಲ್ಕು ಫೋಟೋ ನೋಡಿ ಮುಂಗಡ ಹಾಕುವವರ ಗತಿ ಏನು? ಹೆಸರುವಾಸಿ ಡೀಲರ್ ಹತ್ತಿರವೇ ಕೊಳ್ಳಿ, ಅಸಲಿ ಅಂತ ಬರವಣಿಗೆಯಲ್ಲಿ ಪಡೆಯಿರಿ. ರೋಲೆಕ್ಸ್ ಕಂಪನಿಯೇ 2022ರ ಕೊನೆಯಲ್ಲಿ ಹಳೆ ವಾಚ್‌ಗಳನ್ನು ಪರೀಕ್ಷಿಸಿ ಖಾತ್ರಿ ಕೊಟ್ಟು ಮಾರುವ ವ್ಯವಸ್ಥೆ ಶುರು ಮಾಡಿತು. ಬೆಲೆ ಸ್ವಲ್ಪ ಜಾಸ್ತಿ, ನಿದ್ದೆ ಚೆನ್ನಾಗಿ ಬರುತ್ತದೆ.

ಲಾಕರಿನ ಬಗ್ಗೆಯೂ ಹೇಳಬೇಕು. ಬ್ಯಾಂಕಿನಲ್ಲಿ ಇಟ್ಟರೆ ಪೂರ್ತಿ ಜವಾಬ್ದಾರಿ ಬ್ಯಾಂಕಿನದ್ದು ಅಂತ ಬಹಳ ಜನ ನಂಬಿದ್ದಾರೆ. 2022ರಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಬೆಂಕಿ, ಕಳ್ಳತನ, ನೌಕರರ ಮೋಸದಂಥ ಸಂದರ್ಭದಲ್ಲಿ ಬ್ಯಾಂಕಿನ ಹೊಣೆ ಲಾಕರಿನ ವರ್ಷದ ಬಾಡಿಗೆಯ 100 ಪಟ್ಟಿಗೆ ಮಾತ್ರ. ಬಾಡಿಗೆ 3,000 ರೂಪಾಯಿ ಇದ್ದರೆ 3 ಲಕ್ಷ. ನೆರೆಯಂಥ ಪ್ರಕೃತಿ ವಿಕೋಪಕ್ಕೆ ಅದೂ ಇಲ್ಲ. 10 ಲಕ್ಷದ ವಾಚ್ ಒಳಗಿಟ್ಟವರು ವಿಮೆಯನ್ನು ಬೇರೆಯೇ ಮಾಡಿಸಬೇಕು, ವಾಚಿನ ಸೀರಿಯಲ್ ನಂಬರ್, ಫೋಟೋ, ಬಿಲ್ ಸಮೇತ. ಆ ವಿಮೆಯ ಕಂತನ್ನೂ ಮೇಲಿನ ಲೆಕ್ಕಕ್ಕೆ ಸೇರಿಸಿ.

ಮಾರುವಾಗ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದಾಗಿ ತೆಗೆದುಕೊಳ್ಳುವಂತಿಲ್ಲ, ಕಾನೂನು ಬಿಡುವುದಿಲ್ಲ. ಸ್ವಂತಕ್ಕೆ ಕಟ್ಟುತ್ತಿದ್ದ ವಾಚ್ ಮಾರಿದರೆ ಆದಾಯ ತೆರಿಗೆಯಲ್ಲಿ ಒಂದು ಲೆಕ್ಕ, ಮಾರಲೆಂದೇ ಕೊಂಡು ಕೊಂಡು ಮಾರುತ್ತಿದ್ದರೆ ಅದು ವ್ಯಾಪಾರ. ಚಿನ್ನ, ವಜ್ರ ಇರುವ ವಾಚಾದರೆ ಅದನ್ನು ಒಡವೆ ಅಂತ ಲೆಕ್ಕ ಹಿಡಿಯುತ್ತಾರಾ ಅನ್ನುವ ಪ್ರಶ್ನೆಯೂ ಬರುತ್ತದೆ. ನಿಮ್ಮ ಆಡಿಟರ್ ಹತ್ತಿರ ಮೊದಲೇ ಕೇಳಿ.

ಇನ್ನೊಂದು ವಿಷಯವನ್ನು ಹೂಡಿಕೆದಾರರು ಗಮನದಲ್ಲಿಟ್ಟುಕೊಳ್ಳಲೇಬೇಕು. ಸ್ವಿಟ್ಜರ್ಲೆಂಡ್ ಸೇರಿದ ಇಎಫ್‌ಟಿಎ ಅನ್ನುವ ಯುರೋಪಿನ ದೇಶಗಳ ಕೂಟದ ಜೊತೆ ಭಾರತ ಮಾಡಿಕೊಂಡ ವ್ಯಾಪಾರ ಒಪ್ಪಂದ 2025ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿದೆ. ಅದರಂತೆ ಸ್ವಿಸ್ ವಾಚ್‌ಗಳ ಮೇಲಿನ ಆಮದು ಸುಂಕ ಏಳು ವರ್ಷಗಳಲ್ಲಿ ಹಂತಹಂತವಾಗಿ ಇಳಿಯಲಿದೆ. ಖುಷಿಗೆ ಕೊಳ್ಳುವವರಿಗೆ ಇದು ಒಳ್ಳೆಯ ಸುದ್ದಿ. ಸುಂಕ ಕೊಟ್ಟು ಕೊಂಡ ವಾಚನ್ನು ಲಾಭಕ್ಕೆ ಅಂತ ಇಟ್ಟುಕೊಂಡವರಿಗೆ ಅಲ್ಲ. ಹೊಸ ವಾಚಿನ ಸುಂಕ ಕಡಿಮೆಯಾದರೆ ಹಳೆಯದರ ಬೆಲೆಗೂ ಅದರ ಒತ್ತಡ ತಟ್ಟುತ್ತದೆ.

ದುಬೈಯಿಂದ ತರಿಸುವ ಮಾತು

"ಅಣ್ಣ ಬರುವಾಗ ಕೈಗೆ ಕಟ್ಟಿಕೊಂಡೇ ಬರ್ತಾನೆ" ಅನ್ನುವ ಯೋಚನೆ ಬೇಡ. ಕೈಯಲ್ಲಿದ್ದರೂ ಅದು ಹೊಸದಾಗಿ ಕೊಂಡ ವಸ್ತುವೇ. ಸುಂಕವಿಲ್ಲದೆ ತರಬಹುದಾದ ಮಿತಿ ದಾಟಿದರೆ ಬಜ್ಪೆ ವಿಮಾನ ನಿಲ್ದಾಣದಲ್ಲಿ ಇಳಿದ ಕೂಡಲೇ ಸುಂಕದ ವಸ್ತು ಇದ್ದವರು ಹೋಗುವ ರೆಡ್ ಚಾನೆಲಿಗೆ ಹೋಗಿ ಹೇಳಿ ಸುಂಕ ಕಟ್ಟಬೇಕು. ಮಿತಿ ಮತ್ತು ದರ ಆಗಾಗ ಬದಲಾಗುತ್ತವೆ, ಹೊರಡುವ ಮೊದಲು ಕಸ್ಟಮ್ಸ್ ವೆಬ್‌ಸೈಟಿನಲ್ಲಿ ನೋಡಿಕೊಳ್ಳಿ. ಸುಂಕ ಕಟ್ಟಿದ ರಸೀದಿ ಇಲ್ಲದ ವಾಚನ್ನು ಮುಂದೆ ಮಾರುವಾಗಲೂ ಒಳ್ಳೆಯ ಡೀಲರ್ ಪ್ರಶ್ನೆ ಕೇಳುತ್ತಾನೆ. ಇಲ್ಲಿಂದ ದುಬಾರಿ ವಾಚ್ ಕಟ್ಟಿಕೊಂಡು ವಿದೇಶಕ್ಕೆ ಹೋಗುವವರು ಹೊರಡುವಾಗಲೇ ಕಸ್ಟಮ್ಸಿನವರಿಂದ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಂಡರೆ ವಾಪಸ್ ಬರುವಾಗ ವಾದ ಇರುವುದಿಲ್ಲ. ಊರಿನಲ್ಲೇ 10 ಲಕ್ಷಕ್ಕಿಂತ ಮೇಲಿನ ವಾಚ್ ಕೊಂಡರೆ 2025ರ ಏಪ್ರಿಲ್ 22ರಿಂದ ಶೇ 1 ಟಿಸಿಎಸ್ ಉಂಟು, ಅಂದರೆ ಮಾರುವವರೇ ನಿಮ್ಮಿಂದ ವಸೂಲು ಮಾಡಿ ಕಟ್ಟುವ ಆದಾಯ ತೆರಿಗೆ. ಅದು ಕಳೆದುಹೋಗುವ ದುಡ್ಡಲ್ಲ, ರಿಟರ್ನ್ ಹಾಕುವಾಗ ಸರಿಹೊಂದಿಸಬಹುದು.

ಯಾರಿಗೆ ಯಾವುದು

ಕೈಯಲ್ಲಿ ಐದು ಸಾವಿರ ಇದ್ದರೂ ಸಂಗ್ರಹ ಶುರು ಮಾಡಬಹುದು, ಖುಷಿಯ ದಾರಿಗೆ ಬಂದವರಿಗೆ ಅದೇ ದೊಡ್ಡ ಅನುಕೂಲ. ಬೆಂಗಳೂರಿನಲ್ಲಿ 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಶುರುವಾದ ಎಚ್‌ಎಂಟಿ ಕಾರ್ಖಾನೆಯ ಜನತಾ, ಪೈಲಟ್, ಕಾಂಚನ್ ನಮ್ಮ ಅಜ್ಜಂದಿರ, ಮೇಷ್ಟ್ರುಗಳ ಕೈಯಲ್ಲಿ ಓಡಿದವು. ಜನತಾಕ್ಕೆ 17 ಜ್ಯುವೆಲ್, ಅಂದರೆ ಯಂತ್ರದ ಸವೆತ ತಡೆಯುವ ಸಣ್ಣ ಹರಳುಗಳು. ಬೆಳಿಗ್ಗೆ ಎದ್ದು ಕೀ ಕೊಡಬೇಕು. ಹೆಬ್ಬೆರಳು, ತೋರುಬೆರಳಿನ ನಡುವೆ ಆ ಸಣ್ಣ ಹಲ್ಲುಗಳು ಕಿರಿಕಿರಿ ಅಂತ ತಿರುಗಿ, ಕೊನೆಗೆ ಸ್ಪ್ರಿಂಗ್ ಬಿಗಿಯಾಗಿ ನಿಲ್ಲುವುದು ಬೆರಳಿಗೆ ಗೊತ್ತಾಗುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಲಕ್ಷಗಟ್ಟಲೆ ಬೆಲೆಯ ವಾಚ್ ಕೊಡುವ ಸುಖದ ಮೂಲ ಇದೇ. ಒಂದು ಎಚ್ಚರಿಕೆ: ಆನ್‌ಲೈನಿನಲ್ಲಿ ಕಡು ನೀಲಿ, ಕಡು ಕೆಂಪು ಡಯಲಿನ ಹೊಸ ಹೊಳಪಿನ ಹಳೆ ಎಚ್‌ಎಂಟಿ ಕಂಡರೆ ಅದು ಹೆಚ್ಚಾಗಿ ಮತ್ತೆ ಬಣ್ಣ ಬಳಿದದ್ದು. ಮಾಸಿದ ಡಯಲ್ ಇದ್ದರೂ ಅಸಲಿಯನ್ನೇ ಆರಿಸಿ. ಅದಕ್ಕಿಂತ ಮೊದಲು ಮನೆಯ ಹಳೆ ಪೆಟ್ಟಿಗೆ ತೆಗೆದು ನೋಡಿ. ಅಜ್ಜನದ್ದೇ ಸಿಕ್ಕರೆ ರಿಪೇರಿ ಮಾಡಿಸಿ ಕಟ್ಟಿ, ಅದಕ್ಕೆ ಸಮನಾದದ್ದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಲಕ್ಷದ ಒಳಗಿನವರಿಗೆ ಸೈಕೋ 5, ಸಿಟಿಜನ್‌ನ ಆಟೋಮ್ಯಾಟಿಕ್‌ಗಳು, ಟಿಸೊ ಪಿಆರ್‌ಎಕ್ಸ್ ಎಲ್ಲ ಉಂಟು. ಆಟೋಮ್ಯಾಟಿಕ್ ಅಂದರೆ ಕಟ್ಟಿದ ಕೈಯ ಅಲುಗಾಟಕ್ಕೇ ಕೀ ತುಂಬಿಕೊಳ್ಳುವ ವಾಚ್. ಟಿಸೊದ ಆಟೋಮ್ಯಾಟಿಕ್ ಯಂತ್ರ ಬಿಚ್ಚಿಟ್ಟ ಮೇಲೂ 80 ಗಂಟೆ ಓಡುತ್ತದೆ. ಶುಕ್ರವಾರ ಸಂಜೆ ಬಿಚ್ಚಿಟ್ಟು ವಾರಾಂತ್ಯ ಕಂಬಳಕ್ಕೋ ಯಕ್ಷಗಾನಕ್ಕೋ ಹೋಗಿ ಬಂದು ಸೋಮವಾರ ಬೆಳಿಗ್ಗೆ ನೋಡಿದರೂ ಸಮಯ ತೋರಿಸುತ್ತಿರುತ್ತದೆ. ಇವು ಯಾವುವೂ ಹೂಡಿಕೆ ಅಲ್ಲ, ಆಗಬೇಕಾಗಿಯೂ ಇಲ್ಲ.

ಎರಡರಿಂದ ಐದಾರು ಲಕ್ಷದ ಮಟ್ಟದಲ್ಲಿ ನನ್ನ ಸಲಹೆ ಒಂದೇ: ಎರಡು ಮೂರು ವರ್ಷ ಹಳೆಯದನ್ನು ಕೊಳ್ಳಿ. ಒಮೆಗಾ, ಟ್ಯೂಡರ್, ಗ್ರ್ಯಾಂಡ್ ಸೈಕೋ ಇವುಗಳ ಕೆಲಸ ಅದ್ಭುತ. ಆದರೆ ಹೆಚ್ಚಿನ ಮಾಡೆಲ್‌ಗಳ ಬೆಲೆ ಶುರುವಿನಲ್ಲೇ ಚೆನ್ನಾಗಿ ಇಳಿಯುತ್ತದೆ. ಆ ಇಳಿತವನ್ನು ಮೊದಲನೆಯವರು ಹೊತ್ತಿರುತ್ತಾರೆ. ನೀವು ಐದು ವರ್ಷ ಕಟ್ಟಿ ಮಾರಿದರೂ ನಷ್ಟ ಸಣ್ಣದು. ಖುಷಿಗೆ ಕೊಳ್ಳುವವರೂ ಹೂಡಿಕೆದಾರರಿಂದ ಕಲಿಯಬೇಕಾದದ್ದು ಇದನ್ನೇ: ಕೊಳ್ಳುವ ಬೆಲೆ ಸರಿ ಇರಲಿ, ಪೇಪರ್ ಇರಲಿ, ಪಾಲಿಶ್ ಬೇಡ. ವಾಚ್ ಮಾತ್ರ ಕೈಯಲ್ಲಿರಲಿ.

ಹತ್ತು ಲಕ್ಷದ ಮೇಲೆ ಹೋಗುವವರು ತಮಗೆ ತಾವೇ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದುಂಟು. ನಾಳೆ ಇದರ ಬೆಲೆ ಅರ್ಧಕ್ಕೆ ಬಿದ್ದರೆ, ನಾಡಿದ್ದು ಇದನ್ನು ಮತ್ತೆ ಖುಷಿಯಿಂದ ಕಟ್ಟುತ್ತೇನಾ? "ಹೌದು" ಅಂತ ಬಂದರೆ ಕೊಳ್ಳಿ, ಯಾರಿಗೂ ಕಾರಣ ಕೊಡಬೇಕಾಗಿಲ್ಲ. "ಇಲ್ಲ" ಅಂತ ಬಂದರೆ ನಿಮಗೆ ಬೇಕಾದದ್ದು ವಾಚಲ್ಲ. ಆ ದುಡ್ಡಿಗೆ ಬ್ಯಾಂಕೋ ಮ್ಯೂಚುವಲ್ ಫಂಡೋ ಸರಿಯಾದ ಜಾಗ.

ಕೊನೆಗೆ, ಯಾವ ದಾರಿಯಾದರೂ ಕೈಗೆ ಕಟ್ಟಿ ನೋಡದೆ ಕೊಳ್ಳಬೇಡಿ. ಫೋಟೋದಲ್ಲಿ 42 ಮಿಲಿಮೀಟರ್ ಅಗಲದ ವಾಚೂ 38ರದ್ದೂ ಒಂದೇ ಹಾಗೆ ಕಾಣುತ್ತದೆ. ಮಣಿಕಟ್ಟಿನ ಮೇಲೆ ಹಾಗಲ್ಲ. ಬೆಂಗಳೂರಿಗೆ ಹೋದಾಗ ಅಂಗಡಿಯಲ್ಲಿ ಹತ್ತು ನಿಮಿಷ ಕಟ್ಟಿಕೊಂಡು ಕೂತುಕೊಳ್ಳಿ. ಕೈ ಮಡಚಿ, ಅಂಗಿಯ ತೋಳು ಇಳಿಸಿ, ಕೊಂಬುಗಳು ಮಣಿಕಟ್ಟಿನ ಆಚೆ ಚಾಚುತ್ತವಾ ನೋಡಿ. ಎರಡನೇ ಬಾರಿ ಹೋದಾಗ ದಿನವೂ ಸ್ಕೂಟರಿನಲ್ಲಿ ಹೋಗುವಾಗಿನ ಬಟ್ಟೆ ಹಾಕಿಕೊಂಡು ಹೋಗಿ ಕಟ್ಟಿ ನೋಡಿ, ಆಮೇಲೆ ಬಿಲ್ ಮಾಡಿಸಿ.